ಚೆನ್ನೈ ಮನೆಯಲ್ಲಿ ಡಿಸ್ಕಸ್ ಮೀನು ಸಾಕಬೇಕೆ? ಟ್ಯಾಂಕ್ ಕೊಳ್ಳುವ ಮುನ್ನ ನಿಮ್ಮ ಸಂಪ್ ನೋಡಿ!

ಅಕ್ವೇರಿಯಂ ಹವ್ಯಾಸಿಗಳ ನಡುವೆ ಡಿಸ್ಕಸ್ ಮೀನಿಗೆ 'ಅಕ್ವೇರಿಯಂ ರಾಜ' ಎಂಬ ಬಿರುದಿದೆ. ಊಟದ ತಟ್ಟೆಯನ್ನು ನೀರಿನಲ್ಲಿ ನೆಟ್ಟಗೆ ನಿಲ್ಲಿಸಿದಂಥ ದುಂಡು ಮೈ, ಕೆಂಪು ಕಣ್ಣು, ನೀಲಿ-ಕಿತ್ತಳೆ ಗೆರೆಗಳು, ಅವಸರವೇ ಗೊತ್ತಿಲ್ಲದ ನಡಿಗೆ. ಅಂಗಡಿಯಲ್ಲಿ ಒಮ್ಮೆ ನೋಡಿದವರು ಪಕ್ಕದ ತೊಟ್ಟಿಯ ಗೋಲ್ಡ್ ಫಿಶ್ ಕಡೆಗೆ ತಿರುಗಿಯೂ ನೋಡುವುದಿಲ್ಲ. ಬೆಲೆ ಕೇಳಿದ ಮೇಲೆ ಮಾತ್ರ ಹಲವರು ಗೋಲ್ಡ್ ಫಿಶ್ ಕಡೆಗೇ ವಾಪಸ್ ಬರುತ್ತಾರೆ! ಎರಡು ಇಂಚಿನ ಮರಿಗೇ ನೂರಾರು ರೂಪಾಯಿ, ಬೆಳೆದ ಒಳ್ಳೆಯ ಬಣ್ಣದ ಮೀನಿಗೆ ಸಾವಿರಗಳ ಲೆಕ್ಕ.

ಆದರೆ ಚೆನ್ನೈನಲ್ಲಿರುವವರಿಗೆ ಬೆಲೆ ದೊಡ್ಡ ಪ್ರಶ್ನೆಯಲ್ಲ. ದೇಶದ ಬಹುದೊಡ್ಡ ಅಲಂಕಾರಿಕ ಮೀನು ಮಾರುಕಟ್ಟೆಗಳಲ್ಲಿ ಒಂದಾದ ಕೊಳತ್ತೂರು ಇಲ್ಲೇ ಇದೆ. ಎಂ.ಕೆ. ಸ್ಟಾಲಿನ್ 2011ರಲ್ಲಿ ಮೊದಲ ಬಾರಿಗೆ ಗೆದ್ದ ಕ್ಷೇತ್ರ ಎಂದು ರಾಜಕೀಯ ಸುದ್ದಿ ಓದುವವರಿಗೆ ಆ ಹೆಸರು ಪರಿಚಿತ. ಮೀನು ಸಾಕುವವರಿಗೆ ಅದು ಸಾಲು ಸಾಲು ಗಾಜಿನ ತೊಟ್ಟಿಗಳ ಬೀದಿ. ಕೊಳತ್ತೂರಿನಿಂದ ಉತ್ತರಕ್ಕೆ ರೆಡ್‌ಹಿಲ್ಸ್ ಕಡೆಗೆ ಹೋದರೆ ಮೀನು ಮರಿ ಮಾಡಿಸುವ ಸಿಮೆಂಟ್ ತೊಟ್ಟಿಗಳ ಅಂಗಳಗಳೇ ಸಿಗುತ್ತವೆ. ಬೆಂಗಳೂರಿನ ಅಂಗಡಿಗಳಿಗೂ ಇಲ್ಲಿಂದ ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ, ಥರ್ಮೋಕೋಲ್ ಡಬ್ಬಗಳಲ್ಲಿ ಮೀನು ಹೋಗುತ್ತದೆ. ಮೀನು ಸಿಗುತ್ತದೆ, ಸರಕು ಸಿಗುತ್ತದೆ, ಮೇಲಾಗಿ ಡಿಸ್ಕಸ್‌ಗೆ ಬೇಕಾದ ಬಿಸಿಲೂ ಸಿಗುತ್ತದೆ. ಹಾಗಾದರೆ ತೊಂದರೆ ಎಲ್ಲಿ?

ನೀರಿನಲ್ಲಿ. ಅದೂ ಮೀನಿನ ತೊಟ್ಟಿಯ ನೀರಿನಲ್ಲಲ್ಲ, ನಿಮ್ಮ ಮನೆಯ ಸಂಪ್‌ನ ನೀರಿನಲ್ಲಿ. ಡಿಸ್ಕಸ್ ಸಾಕಬೇಕೋ ಬೇಡವೋ ಎಂಬುದನ್ನು ಈ ಊರಿನಲ್ಲಿ ತೀರ್ಮಾನಿಸುವುದು ಅದೇ. ಹೇಗೆ ಅಂತೀರಾ? ಮೊದಲು ಮೀನಿನ ಪರಿಚಯ ಮಾಡಿಕೊಳ್ಳೋಣ.

ಅಮೆಜಾನ್‌ನ ಮೀನು, ಹಾಲೂಡಿಸುವ ಮೀನು

ಡಿಸ್ಕಸ್‌ನ ತವರು ದಕ್ಷಿಣ ಅಮೆರಿಕದ ಅಮೆಜಾನ್ ಕಣಿವೆ. 1840ರಲ್ಲಿ ಆಸ್ಟ್ರಿಯಾದ ಮತ್ಸ್ಯ ವಿಜ್ಞಾನಿ ಯೋಹಾನ್ ಯಾಕೋಬ್ ಹೆಕೆಲ್ ಇದಕ್ಕೆ ಸಿಂಫಿಸೊಡಾನ್ ಎಂದು ವೈಜ್ಞಾನಿಕ ಹೆಸರಿಟ್ಟರು. ಕೊಳೆತ ಎಲೆ, ಮುಳುಗಿದ ಮರದ ಬೇರುಗಳ ನಡುವೆ, ಕಾಫಿ ಡಿಕಾಕ್ಷನ್ ಬಣ್ಣದ, ಲವಣಾಂಶವೇ ಇಲ್ಲವೆನ್ನುವಷ್ಟು ಮೆದುವಾದ, ಬೆಚ್ಚಗಿನ ನೀರಿನಲ್ಲಿ ಗುಂಪಾಗಿ ಬದುಕುವ ಮೀನಿದು. ಚೆನ್ನಾಗಿ ಬೆಳೆದರೆ 15ರಿಂದ 20 ಸೆಂಟಿಮೀಟರ್ ಅಗಲವಾಗುತ್ತದೆ. ಹತ್ತು ವರ್ಷ ಬದುಕಬಲ್ಲದು. ಈ ಹತ್ತು ವರ್ಷದ ಲೆಕ್ಕ ನೆನಪಿರಲಿ, ಮುಂದೆ ಬಾಡಿಗೆ ಮನೆಯ ವಿಷಯಕ್ಕೆ ಬರುವಾಗ ಬೇಕಾಗುತ್ತದೆ.

ಇದರ ಸಂಸಾರವೂ ವಿಚಿತ್ರ. ಮೊಟ್ಟೆಯೊಡೆದು ಬಂದ ಮರಿಗಳು ಈಜಲು ಕಲಿತ ಕೂಡಲೇ ಅಪ್ಪ-ಅಮ್ಮನ ಮೈಗೆ ಮುತ್ತಿಕೊಳ್ಳುತ್ತವೆ. ದೊಡ್ಡ ಮೀನುಗಳ ಚರ್ಮದ ಮೇಲೆ ಒಸರುವ ಲೋಳೆಯೇ ಅವುಗಳ ಮೊದಲ ಆಹಾರ. ಅಮ್ಮ ಸುಸ್ತಾದಾಗ ಮೈ ಕೊಡವುತ್ತಾಳೆ, ಮರಿಗಳು ಅಪ್ಪನ ಮೈಗೆ ಹಾರುತ್ತವೆ! ಈ 'ಹಾಲೂಡಿಕೆ'ಯನ್ನು ವಿಜ್ಞಾನ ಪತ್ರಿಕೆಯಲ್ಲಿ ವಿವರವಾಗಿ ಬರೆದದ್ದು 1959ರಲ್ಲಿ, ಹಿಲ್ಡೆಮನ್ ಎಂಬ ಸಂಶೋಧಕ. ಡಿಸ್ಕಸ್ ಹುಚ್ಚು ಹಿಡಿದವರಲ್ಲಿ ಅನೇಕರಿಗೆ ಈ ದೃಶ್ಯವನ್ನು ತಮ್ಮ ಮನೆಯಲ್ಲಿ ಒಮ್ಮೆ ನೋಡಬೇಕೆಂಬುದೇ ಆಸೆ.

ಇನ್ನೊಂದು ಮಾತು. ಡಿಸ್ಕಸ್ ಗುಂಪಿನ ಮೀನು, ಗುಂಪಿನಲ್ಲಿ ದೊಡ್ಡಣ್ಣ-ಚಿಕ್ಕಣ್ಣ ಎಂಬ ಮೇಲಾಟವೂ ಇದೆ. ಎರಡೋ ಮೂರೋ ಇಟ್ಟರೆ ಬಲಿಷ್ಠ ಮೀನು ದುರ್ಬಲ ಮೀನನ್ನು ಮೂಲೆಗೆ ಅಟ್ಟಿ, ಆಹಾರಕ್ಕೆ ಬರಲು ಬಿಡದೆ ಸಾಯಿಸುತ್ತದೆ. ಆರು ಮೀನಿದ್ದರೆ ಏಟು ಹಂಚಿಹೋಗುತ್ತದೆ. ಹಾಗಾಗಿ 'ಚಂದಕ್ಕೆ ಒಂದು ಜೋಡಿ ಸಾಕು' ಎನ್ನುವವರಿಗೆ ಇದು ಹೇಳಿಸಿದ ಮೀನಲ್ಲ. ಬೆಳೆದ ಒಂದು ಮೀನಿಗೆ ಕನಿಷ್ಠ 40 ಲೀಟರ್ ನೀರು ಎಂಬುದು ಹವ್ಯಾಸಿಗಳ ಸಾಮಾನ್ಯ ಲೆಕ್ಕ. ಆರು ಮೀನಿಗೆ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರದ ಟ್ಯಾಂಕ್ ಬೇಕು. ಮೇಲೆ ಸ್ವಲ್ಪ ಜಾಗ ಬಿಟ್ಟು ತುಂಬಿದರೆ ಅದರಲ್ಲಿ ಸುಮಾರು 300 ಲೀಟರ್ ನೀರು ನಿಲ್ಲುತ್ತದೆ. ಈ ಲೇಖನದ ಎಲ್ಲಾ ಲೆಕ್ಕವೂ ಈ 300 ಲೀಟರ್ ಮೇಲೆಯೇ.

ಬಿಸಿಲು ವರವೇ, ಆದರೆ ವರ್ಷಪೂರ್ತಿ ಅಲ್ಲ

ಡಿಸ್ಕಸ್‌ಗೆ 28ರಿಂದ 30 ಡಿಗ್ರಿ ಸೆಲ್ಸಿಯಸ್ ನೀರು ಬೇಕು. ಉಳಿದ ಬಹುತೇಕ ಸಿಹಿನೀರಿನ ಮೀನುಗಳಿಗೆ ಇದು ಹೆಚ್ಚು. ಬೆಂಗಳೂರಿನಲ್ಲಿ ಡಿಸ್ಕಸ್ ಸಾಕುವವರ ಹೀಟರ್‌ಗೆ ವರ್ಷದ ಹೆಚ್ಚಿನ ದಿನ ಬಿಡುವಿಲ್ಲ. ಚೆನ್ನೈನಲ್ಲಿ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಹೀಟರ್ ಸುಮ್ಮನೆ ತೂಗಾಡುತ್ತಿದ್ದರೂ ನಡೆಯುತ್ತದೆ.

ಡಿಸೆಂಬರ್-ಜನವರಿಯಲ್ಲಿ ಮಾತ್ರ ಚೆನ್ನೈನ ರಾತ್ರಿಯ ಉಷ್ಣಾಂಶ 20-21 ಡಿಗ್ರಿಗೆ ಇಳಿಯುತ್ತದೆ. ನಮಗೆ ಹಿತವಾದ ಈ ಚಳಿಯಲ್ಲಿ ಡಿಸ್ಕಸ್ ಕಪ್ಪಿಟ್ಟು, ಊಟ ಬಿಟ್ಟು ಮೂಲೆ ಸೇರುತ್ತದೆ. ಆಗ 300 ವ್ಯಾಟ್ ಹೀಟರ್ ಬೇಕೇ ಬೇಕು. ದಿನಕ್ಕೆ ಒಟ್ಟು ಆರು ತಾಸು ಉರಿದರೂ 1.8 ಯೂನಿಟ್, ಎರಡು ತಿಂಗಳಿಗೆ 108 ಯೂನಿಟ್. ತಮಿಳುನಾಡಿನಲ್ಲಿ 2016ರಲ್ಲಿ ಮನೆಗಳಿಗೆ ಎರಡು ತಿಂಗಳಿಗೊಮ್ಮೆ ಕೊಡಲು ಶುರು ಮಾಡಿದ 100 ಯೂನಿಟ್ ಉಚಿತ ವಿದ್ಯುತ್ ಅಷ್ಟೂ ಮೀನಿನ ಪಾಲಾಯಿತು ಎಂದಿಟ್ಟುಕೊಳ್ಳಿ.

ಮೇ ತಿಂಗಳ 'ಅಗ್ನಿ ನಕ್ಷತ್ರ'ದ್ದು ಇನ್ನೊಂದು ಕಥೆ. 2003ರ ಮೇ 31ರಂದು ಚೆನ್ನೈನಲ್ಲಿ 45 ಡಿಗ್ರಿ ದಾಖಲಾಗಿತ್ತು. ಅಷ್ಟಾಗದಿದ್ದರೂ 40 ದಾಟುವ ದಿನಗಳು ಹೊಸದಲ್ಲ. ಮುಚ್ಚಿದ ಮನೆಯೊಳಗೆ ಟ್ಯಾಂಕ್ ನೀರು 33-34 ಡಿಗ್ರಿ ಮುಟ್ಟಿದರೆ ಡಿಸ್ಕಸ್ ಕೂಡಲೇ ಸಾಯುವುದಿಲ್ಲ, ಆದರೆ ಉಸಿರುಗಟ್ಟುತ್ತದೆ. ಬಿಸಿ ಏರಿದಷ್ಟೂ ನೀರಿನಲ್ಲಿ ಕರಗಿದ ಆಮ್ಲಜನಕ ಕಡಿಮೆ. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಹೆಚ್ಚೆಂದರೆ 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ 7.5 ಅಷ್ಟೇ. ಇತ್ತ ಮೀನಿಗೆ ಬಿಸಿಯಲ್ಲಿ ಆಮ್ಲಜನಕದ ಅಗತ್ಯ ಹೆಚ್ಚು. ಏರ್ ಪಂಪ್ ಒಂದರ ಜಾಗದಲ್ಲಿ ಎರಡು, ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಗಾಳಿ, ಇಷ್ಟಿದ್ದರೆ ಮೇ ದಾಟಬಹುದು. ಬಿಸಿಲು-ಚಳಿಯ ಸಮಸ್ಯೆ ದುಡ್ಡಿನಿಂದ ಬಗೆಹರಿಯುವಂಥದ್ದು, ಅಲ್ಲಿಗೆ ಬಿಡೋಣ.

ನಿಮ್ಮ ನಲ್ಲಿಯಲ್ಲಿ ಬರುವುದು ಯಾವ ನೀರು?

ಈ ಪ್ರಶ್ನೆಗೆ ಮೈಸೂರಿನವರು 'ಕಾವೇರಿ' ಎಂದು ಒಂದೇ ಮಾತಿನಲ್ಲಿ ಉತ್ತರಿಸಬಹುದು. ಚೆನ್ನೈನವರಿಗೆ ಅಷ್ಟು ಸುಲಭವಿಲ್ಲ. ಪೂಂಡಿ, ಚೋಳವರಂ, ರೆಡ್‌ಹಿಲ್ಸ್, ಚೆಂಬರಂಬಾಕ್ಕಂ ಜಲಾಶಯಗಳ ಮಳೆನೀರು, ಆಂಧ್ರದ ಕಂಡಲೇರುವಿನಿಂದ ಬರುವ ಕೃಷ್ಣಾ ನೀರು, 2004ರಿಂದ ಬರುತ್ತಿರುವ ವೀರಾಣಂ ಕೆರೆಯ ನೀರು, ಮಿಂಜೂರು ಮತ್ತು ನೆಮ್ಮೇಲಿಯಲ್ಲಿ ಸಮುದ್ರದಿಂದ ಉಪ್ಪು ತೆಗೆದು ಕೊಡುವ ನೀರು, ಇವಿಷ್ಟೂ 'ಮೆಟ್ರೋ ವಾಟರ್' ಎಂಬ ಒಂದೇ ಹೆಸರಿನಲ್ಲಿ ಬರುತ್ತವೆ. ಅಂದಹಾಗೆ ವೀರಾಣಂಗೆ ನೀರು ಬರುವುದೂ ಕಾವೇರಿಯಿಂದಲೇ. ತಲಕಾವೇರಿಯಲ್ಲಿ ಹುಟ್ಟಿದ್ದು ಕೊಳತ್ತೂರಿನ ಮೀನಿನ ತೊಟ್ಟಿಯವರೆಗೂ ಬಂದಿದೆ ಎಂದಾಯಿತು.

ಅಪಾರ್ಟ್‌ಮೆಂಟ್‌ಗಳಲ್ಲಿ ಈ ಮೆಟ್ರೋ ವಾಟರ್ ಒಂದೇ ಇದ್ದರೆ ಅದೃಷ್ಟ. ಸಾಮಾನ್ಯವಾಗಿ ಅದೇ ಸಂಪ್‌ಗೆ ಬೋರ್‌ವೆಲ್ ನೀರೂ ಬೀಳುತ್ತದೆ, ಸಾಲದಾದಾಗ ಲಾರಿ ನೀರೂ ಬೀಳುತ್ತದೆ. ಕರಾವಳಿಯಂಚಿನ ಬೆಸೆಂಟ್ ನಗರ, ತಿರುವಾನ್ಮಿಯೂರು ಕಡೆ ಬೋರ್‌ವೆಲ್‌ಗೆ ಸಮುದ್ರದ ಉಪ್ಪು ನುಗ್ಗಿರುವುದು ಹಳೆಯ ದೂರು. ಐಟಿ ಕಂಪನಿಗಳ ಒಎಂಆರ್ ಉದ್ದಕ್ಕೂ, ಅಂದರೆ ಬೆಂಗಳೂರಿನಿಂದ ಕೆಲಸಕ್ಕೆ ಬಂದ ಕನ್ನಡಿಗರು ಹೆಚ್ಚಾಗಿ ಮನೆ ಹಿಡಿಯುವ ಪ್ರದೇಶದಲ್ಲಿ, ಅನೇಕ ಅಪಾರ್ಟ್‌ಮೆಂಟ್‌ಗಳು ವರ್ಷಗಟ್ಟಲೆ ಬದುಕಿದ್ದೇ ಲಾರಿ ನೀರಿನಲ್ಲಿ. ಈ ವಾರ ಒಂದು ಹಳ್ಳಿಯ ಬಾವಿಯ ನೀರು, ಮುಂದಿನ ವಾರ ಇನ್ನೊಂದು ಹಳ್ಳಿಯದ್ದು.

ಡಿಸ್ಕಸ್‌ಗೆ ತೊಂದರೆ ಕೊಡುವುದು ಗಡಸು ನೀರಿಗಿಂತ ಹೆಚ್ಚಾಗಿ ಈ ಏರುಪೇರು. ಇಲ್ಲಿ ಒಂದು ತಪ್ಪು ಕಲ್ಪನೆ ಬಿಡಬೇಕು. ಅಮೆಜಾನ್‌ನಲ್ಲಿ ಮೆದು ನೀರಿದೆ, ಆದ್ದರಿಂದ ನಮ್ಮ ಮನೆಯಲ್ಲೂ ಪಿಎಚ್ 6 ಇರಬೇಕು ಎಂದು ಆಮ್ಲದ ಪುಡಿ ಸುರಿಯುವವರಿದ್ದಾರೆ. ಆದರೆ ಅಂಗಡಿಯ ಡಿಸ್ಕಸ್ ಅಮೆಜಾನ್ ನೋಡಿಯೇ ಇಲ್ಲ! ಹತ್ತಾರು ತಲೆಮಾರು ತೊಟ್ಟಿಯಲ್ಲೇ ಹುಟ್ಟಿ ಬೆಳೆದದ್ದು ಅದು. ಕೊಳತ್ತೂರು ಸುತ್ತ ಬೆಳೆದ ಮೀನು ಇಲ್ಲಿನ ಏಳೂವರೆ ಪಿಎಚ್‌ನ, ಒಂದಿಷ್ಟು ಗಡಸು ನೀರಿಗೇ ಒಗ್ಗಿರುತ್ತದೆ. ಮರಿ ಮಾಡಿಸಬೇಕೆಂದರೆ ಮಾತ್ರ ಮೆದು ನೀರು ಬೇಕು. ಸುಮ್ಮನೆ ಸಾಕಲು ನಿನ್ನೆ ಇದ್ದ ನೀರು ಇಂದೂ ಇದ್ದರೆ ಸಾಕು. ಥಾಯ್ಲೆಂಡ್, ಮಲೇಷ್ಯಾದಿಂದ ಬಂದ ದುಬಾರಿ ಮೀನಿಗಿಂತ ಇಲ್ಲಿನದ್ದೇ ಮೇಲು ಎನ್ನುವುದು ಇದೇ ಕಾರಣಕ್ಕೆ.

ಹಾಗೆಂದು ಪಿಎಚ್ ಪೂರ್ತಿ ಮರೆಯುವಂತಿಲ್ಲ. ಮೀನಿನ ಉಸಿರು, ಮಲ, ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಅದರಲ್ಲಿ ಒಂದು ಭಾಗ ಮಾತ್ರ ವಿಷ. 30 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ಆ ವಿಷದ ಭಾಗ ನೂರಕ್ಕೆ ಒಂದಕ್ಕಿಂತ ಕಡಿಮೆ. ಪಿಎಚ್ 8 ಆದರೆ ನೂರಕ್ಕೆ ಏಳಕ್ಕೂ ಹೆಚ್ಚು. ಅಂದರೆ ಅದೇ ಟ್ಯಾಂಕ್, ಅದೇ ಮೀನು, ಅದೇ ಗಲೀಜು, ಆದರೆ ಬೋರ್‌ವೆಲ್ ನೀರು ಸೇರಿದ ದಿನ ವಿಷ ಒಂಬತ್ತು ಪಟ್ಟು! 'ನಿನ್ನೆವರೆಗೂ ಚೆನ್ನಾಗಿತ್ತು, ನೀರು ಬದಲಿಸಿದ ಮರುದಿನ ಸತ್ತಿತು' ಎಂಬ ಗೋಳಿನ ಹಿಂದೆ ಹಲವು ಬಾರಿ ಇರುವುದು ಇದೇ ಲೆಕ್ಕ, ಇಲ್ಲವೇ ಕ್ಲೋರಿನ್. ಕ್ಲೋರಿನ್‌ಗಾದರೆ ಔಷಧವಿದೆ. ನೀರನ್ನು ಡ್ರಮ್‌ನಲ್ಲಿ ಒಂದು ದಿನ ಗಾಳಿ ಬಿಟ್ಟು ಇಟ್ಟರೆ ಅದು ಹಾರಿಹೋಗುತ್ತದೆ, ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿಯೂ ಆಗುತ್ತದೆ. ಬದಲಾಗುತ್ತಲೇ ಇರುವ ಸಂಪ್‌ಗೆ ಮಾತ್ರ ಹನಿ ಔಷಧವಿಲ್ಲ.

ಮನೆಯ ಆರ್‌ಒ ನೀರು ಹಾಕಿದರೆ ಆಗದೇ ಎಂದು ಕೇಳಬಹುದು. ಆಗುತ್ತದೆ. ಆದರೆ ಮನೆಯ ಆರ್‌ಒ ಯಂತ್ರ ಒಂದು ಲೀಟರ್ ಶುದ್ಧ ನೀರು ಕೊಡಲು ಸಾಮಾನ್ಯವಾಗಿ ಎರಡು-ಮೂರು ಲೀಟರ್ ಹೊರಗೆ ಚೆಲ್ಲುತ್ತದೆ. ವಾರಕ್ಕೆ 300 ಲೀಟರ್ ಆರ್‌ಒ ನೀರೆಂದರೆ 600ರಿಂದ 900 ಲೀಟರ್ ಚರಂಡಿಗೆ. ಅದೂ ಚೆನ್ನೈನಲ್ಲಿ!

ದಿನಕ್ಕೆ ಮೂರು ಕೊಡ ನೀರು, ಮೀನಿನ ಲೆಕ್ಕಕ್ಕೆ

ವಾರಕ್ಕೆ 300 ಲೀಟರ್ ಎಂದು ಮೇಲೆ ಬರೆದದ್ದು ಸುಮ್ಮನೆ ಅಲ್ಲ. ಡಿಸ್ಕಸ್ ಹೆಚ್ಚು ಪ್ರೋಟೀನ್ ತಿನ್ನುವ ಮೀನು, ಗಲೀಜೂ ಹೆಚ್ಚು, ಗಲೀಜನ್ನು ಸಹಿಸುವ ಶಕ್ತಿಯೂ ಕಡಿಮೆ. ಬೆಳೆದ ಮೀನಿಗೆ ವಾರಕ್ಕೆ ಎರಡು ಬಾರಿ ಅರ್ಧ ಟ್ಯಾಂಕ್ ನೀರು ಬದಲಿಸುವುದು ಮಿತವಾದ ಲೆಕ್ಕ. ಮರಿಗಳಾದರೆ ದಿನಾ ಬದಲಿಸುವವರೇ ಹೆಚ್ಚು. ಮಿತದ ಲೆಕ್ಕವನ್ನೇ ಹಿಡಿಯೋಣ. 150 ಲೀಟರ್ ಎರಡು ಸಲ, ಅಂದರೆ ದಿನಕ್ಕೆ 43 ಲೀಟರ್. ಚೆನ್ನೈನ ಬೀದಿ ನಲ್ಲಿಗಳ ಮುಂದೆ ಸಾಲಿಡುವ ಬಣ್ಣದ ಪ್ಲಾಸ್ಟಿಕ್ ಕೊಡಗಳಲ್ಲಿ ಅಳೆದರೆ ಹತ್ತಿರ ಹತ್ತಿರ ಮೂರು ಕೊಡ. ನಗರದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮ ದೇಶದ ಸರ್ಕಾರಿ ಮಾನದಂಡ. ಆರು ಮೀನಿಗೆ ಅದರ ಮೂರನೇ ಒಂದು ಪಾಲು ಹೋಗುತ್ತದೆ.

ಮಳೆ ಚೆನ್ನಾಗಿ ಬಿದ್ದ ವರ್ಷ ಇದು ದೊಡ್ಡ ಮಾತಲ್ಲ. 2019 ನೆನಪಿಸಿಕೊಳ್ಳಿ. ಆ ಜೂನ್‌ನಲ್ಲಿ ನಗರದ ನಾಲ್ಕೂ ಜಲಾಶಯಗಳಲ್ಲಿ ಸಾಮರ್ಥ್ಯದ ಶೇ 1ರಷ್ಟೂ ನೀರಿರಲಿಲ್ಲ. ದಿನಕ್ಕೆ ಸುಮಾರು 83 ಕೋಟಿ ಲೀಟರ್ ಇದ್ದ ಪೂರೈಕೆ 52 ಕೋಟಿ ಲೀಟರ್ ಆಸುಪಾಸಿಗೆ ಇಳಿಯಿತು. ಹೋಟೆಲ್‌ಗಳು ಊಟ ನಿಲ್ಲಿಸಿದವು, ಐಟಿ ಕಂಪನಿಗಳು ಮನೆಯಿಂದಲೇ ಕೆಲಸ ಮಾಡಿ ಎಂದವು. ಜುಲೈ 12ರಂದು ಜೋಲಾರ್‌ಪೇಟೆಯಿಂದ 50 ವ್ಯಾಗನ್‌ಗಳಲ್ಲಿ 25 ಲಕ್ಷ ಲೀಟರ್ ನೀರು ಹೊತ್ತ ಮೊದಲ ರೈಲು ಬಂತು. ಬೆಂಗಳೂರು-ಚೆನ್ನೈ ರೈಲಿನಲ್ಲಿ ಓಡಾಡುವವರಿಗೆ ಜೋಲಾರ್‌ಪೇಟೆ ಗೊತ್ತು, ಇಲ್ಲಿಂದ 200 ಕಿ.ಮೀ.ಗೂ ಹೆಚ್ಚು ದೂರ. ಆ ನೀರೂ ಕಾವೇರಿ ಕುಡಿಯುವ ನೀರಿನ ಯೋಜನೆಯದ್ದೇ. ರೈಲು ಬಂದು ನಿಂತದ್ದು ವಿಲ್ಲಿವಾಕ್ಕಂನಲ್ಲಿ. ಅಲ್ಲಿಂದ ಪಕ್ಕದಲ್ಲೇ ಕೊಳತ್ತೂರು!

ಮೀನಿನ ಮಾರುಕಟ್ಟೆಯ ಬಾಗಿಲಿಗೇ ರೈಲಿನಲ್ಲಿ ನೀರು ತರಿಸಿಕೊಂಡ ಊರಿದು. ಅಂಥ ವರ್ಷ ಮತ್ತೆ ಬಂದರೆ ಎದುರಾಗುವ ಪ್ರಶ್ನೆ ಸರಳ, ಉತ್ತರ ಕಷ್ಟ. ನೆರೆಹೊರೆಯವರು ಕೊಡ ಹಿಡಿದು ಲಾರಿ ಕಾಯುವಾಗ ನೀವು ದಿನಕ್ಕೆ ಮೂರು ಕೊಡ ಮೀನಿಗೆ ಸುರಿಯುತ್ತೀರಾ? ಸುರಿಯದಿದ್ದರೆ ವಾರ-ಹದಿನೈದು ದಿನದಲ್ಲಿ ಮೀನು ರೋಗ ಬೀಳುತ್ತದೆ. ಗಪ್ಪಿ, ಗೌರಾಮಿಯಾದರೆ ಹದಿನೈದು ದಿನಕ್ಕೊಮ್ಮೆ ಎರಡು ಬಕೆಟ್‌ನಲ್ಲಿ ದಿನ ದೂಡುತ್ತವೆ. ಡಿಸ್ಕಸ್ ದೂಡುವುದಿಲ್ಲ. ಬೆಂಗಳೂರಿನವರೂ ಇದನ್ನು ಬರಿ ಚೆನ್ನೈ ಕಥೆ ಎಂದು ಓದಬೇಕಿಲ್ಲ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದ್ದು ಅಲ್ಲೇ.

ಒಂದು ಸಮಾಧಾನ ಇದೆ. ಟ್ಯಾಂಕ್‌ನಿಂದ ತೆಗೆದ ನೀರು ಕೊಳಚೆಯಲ್ಲ, ಸಾರಜನಕ ತುಂಬಿದ ಗೊಬ್ಬರದ ನೀರು. ತಾರಸಿಯ ಕುಂಡಗಳಿಗೆ, ನೆಲ ಒರೆಸಲು, ಟಾಯ್ಲೆಟ್‌ಗೆ ಅದನ್ನೇ ಬಳಸುವ ಮನೆಯಲ್ಲಿ ನಿಜವಾದ ಖರ್ಚು ಬಹಳ ಇಳಿಯುತ್ತದೆ. ನನ್ನ ಪ್ರಕಾರ ಚೆನ್ನೈನಲ್ಲಿ ಡಿಸ್ಕಸ್ ಸಾಕಲು ಇದು ಐಚ್ಛಿಕವಲ್ಲ, ಷರತ್ತು. ತೆಗೆದ 150 ಲೀಟರ್ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಉತ್ತರವಿಲ್ಲದ ನಾಲ್ಕನೇ ಮಹಡಿಯ ಫ್ಲಾಟ್‌ನಲ್ಲಿ ಈ ಮೀನು ಬೇಡ.

ಕರೆಂಟ್ ಹೋದ ರಾತ್ರಿ

ನೀರಿಲ್ಲದ ವರ್ಷ ಒಂದೆಡೆಯಾದರೆ, ನೀರು ಹೆಚ್ಚಾದ ವಾರ ಇನ್ನೊಂದೆಡೆ. 2023ರ ಡಿಸೆಂಬರ್ ಮೊದಲ ವಾರ ಮಿಚಾಂಗ್ ಚಂಡಮಾರುತದ ಮಳೆಗೆ ವೇಳಚ್ಚೇರಿ, ಪಳ್ಳಿಕರಣೈ ಕಡೆ ದಿನಗಟ್ಟಲೆ ನೀರು ನಿಂತಿತ್ತು, ದಿನಗಟ್ಟಲೆ ಕರೆಂಟ್ ಇರಲಿಲ್ಲ. ಚೆನ್ನೈನ ಚಂಡಮಾರುತದ ಕಾಲವೂ ಡಿಸ್ಕಸ್‌ಗೆ ಹೀಟರ್ ಬೇಕಾದ ಕಾಲವೂ ಒಂದೇ ಎಂಬುದು ದುರದೃಷ್ಟ.

ಕರೆಂಟ್ ಹೋದಾಗ ಮೊದಲು ಕೊಲ್ಲುವುದು ಚಳಿಯಲ್ಲ, ಉಸಿರು. 300 ಲೀಟರ್ ನೀರು ನಿಧಾನಕ್ಕೆ ತಣ್ಣಗಾಗುತ್ತದೆ, ಟ್ಯಾಂಕ್‌ಗೆ ಕಂಬಳಿ ಸುತ್ತಿದರೆ ಇನ್ನೂ ನಿಧಾನ. ಆದರೆ ಗಾಳಿ ನಿಂತರೆ ಕೆಲವೇ ತಾಸಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಸಣ್ಣ ಏರ್ ಪಂಪ್‌ಗೆ ಬೇಕಾದದ್ದು ಬರೀ ಐದು ವ್ಯಾಟ್ ಆಸುಪಾಸು, ಮನೆಯ ಇನ್ವರ್ಟರ್‌ನಲ್ಲಿ ಅದು ಆರಾಮವಾಗಿ ಓಡುತ್ತದೆ. ಹೀಟರ್ ಸಿಕ್ಕಿಸಿದಿರೋ, ರಾತ್ರಿ ಕಳೆಯುವಷ್ಟರಲ್ಲಿ ಬ್ಯಾಟರಿ ಖಾಲಿ. ಇನ್ನು ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್ ತಾಸುಗಟ್ಟಲೆ ನಿಂತರೆ ಅದರೊಳಗಿನ ಉಪಕಾರಿ ಬ್ಯಾಕ್ಟೀರಿಯಾ ಆಮ್ಲಜನಕವಿಲ್ಲದೆ ಸಾಯುತ್ತವೆ. ಕರೆಂಟ್ ಬಂದ ಕೂಡಲೇ ಆ ಕೊಳೆತ ನೀರು ಟ್ಯಾಂಕ್‌ಗೇ ನುಗ್ಗುತ್ತದೆ. ಚೆನ್ನೈಗೆ ಏರ್ ಪಂಪ್‌ನಲ್ಲಿ ಓಡುವ ಅಗ್ಗದ ಸ್ಪಾಂಜ್ ಫಿಲ್ಟರ್‌ಗಳೇ ಸರಿ. ಕರೆಂಟ್ ಇಲ್ಲದ ದಿನ ಮೀನಿಗೆ ಊಟ ಹಾಕಬೇಡಿ. ಎರಡು-ಮೂರು ದಿನದ ಉಪವಾಸ ಬೆಳೆದ ಮೀನಿಗೆ ಏನೂ ಮಾಡದು.

ಬಾಡಿಗೆ ಮನೆ, ಅಡುಗೆಮನೆ

ಈಗ ಆ ಹತ್ತು ವರ್ಷದ ಲೆಕ್ಕ. ಮೀನಿನ ಆಯುಷ್ಯ ಹತ್ತು ವರ್ಷ, ನಮ್ಮ ಬಾಡಿಗೆ ಕರಾರು ಹನ್ನೊಂದು ತಿಂಗಳು! ನೀರು, ಗಾಜು, ಸ್ಟ್ಯಾಂಡ್ ಸೇರಿ 400 ಕೆ.ಜಿ. ಆಸುಪಾಸು ತೂಗುವ ವ್ಯವಸ್ಥೆ ಅದು, ಗೋಡೆಗೆ ಒತ್ತಿ ತೊಲೆಯ ಹತ್ತಿರ ಇಡಬೇಕಾದದ್ದು. ಮನೆ ಬದಲಿಸುವುದೆಂದರೆ ಮೀನಿಗೆ ಹೊಸ ಸಂಪ್, ಹೊಸ ನೀರು, ಅರ್ಧಕ್ಕರ್ಧ ಹೊಸ ಜನ್ಮ. ವರ್ಷದೊಳಗೆ ಬೆಂಗಳೂರಿಗೆ ವರ್ಗಾವಣೆ ಕೇಳಿಕೊಂಡವರು ಇಲ್ಲಿಗೇ ಓದು ನಿಲ್ಲಿಸಬಹುದು.

ಊಟದ ವಿಷಯವನ್ನು ಅಂಗಡಿಯವರು ಮೊದಲೇ ಹೇಳುವುದಿಲ್ಲ. ಡಿಸ್ಕಸ್‌ಗೆ ಪ್ರಪಂಚದೆಲ್ಲೆಡೆ ಹೆಸರಾದ ಆಹಾರ ಬೀಫ್ ಹಾರ್ಟ್. ಅದನ್ನು ರುಬ್ಬಿ, ಬಿಲ್ಲೆ ಮಾಡಿ ಫ್ರೀಜರ್‌ನಲ್ಲಿ ಇಡುತ್ತಾರೆ. ಸಸ್ಯಾಹಾರಿ ಮನೆಯಲ್ಲಿ, ಅಥವಾ ಮನೆ ಮಾಲೀಕರು ಕೆಳಗೇ ಇರುವ ಕಡೆ ಇದು ಮೀನಿಗಿಂತ ದೊಡ್ಡ ಜಗಳವಾದೀತು. ಸಿಗಡಿ ರುಬ್ಬಿದ್ದು, ಒಳ್ಳೆಯ ಪೆಲೆಟ್, ಫ್ರೀಜ್ ಮಾಡಿದ ಬ್ಲಡ್‌ವರ್ಮ್ ಕೊಟ್ಟೂ ಸಾಕಬಹುದು, ನೀರೂ ಅಷ್ಟು ಬೇಗ ಕೆಡುವುದಿಲ್ಲ. ಜೀವಂತ ಟ್ಯೂಬಿಫೆಕ್ಸ್ ಹುಳು ಮಾತ್ರ ಬೇಡ. ಅವು ಬೆಳೆಯುವುದೇ ಚರಂಡಿ ಕೆಸರಿನಲ್ಲಿ, ಜೊತೆಗೆ ರೋಗವನ್ನೂ ತರುತ್ತವೆ. ಮರಿಗಳಿಗೆ ದಿನಕ್ಕೆ ನಾಲ್ಕೈದು ಬಾರಿ ಊಟ ಬೇಕು. ಗಂಡ-ಹೆಂಡತಿ ಇಬ್ಬರೂ ಬೆಳಗ್ಗೆ ಎಂಟಕ್ಕೆ ಹೊರಟು ರಾತ್ರಿ ಎಂಟಕ್ಕೆ ಬರುವ ಮನೆಯಲ್ಲಿ ಹಾಕುವವರು ಯಾರು?

ಡಿಸ್ಕಸ್ ಬೇಡವೆಂದರೆ ನಮ್ಮದೇ ಒಂದು ಮೀನಿದೆ

ಡಿಸ್ಕಸ್ ಸೇರಿದ್ದು ಸಿಕ್ಲಿಡ್ ಕುಟುಂಬಕ್ಕೆ. ಈ ಕುಟುಂಬದ ಬಹುಪಾಲು ಮೀನುಗಳು ಅಮೆರಿಕ ಖಂಡಗಳಲ್ಲಿ, ಆಫ್ರಿಕಾದಲ್ಲಿ ಇವೆ. ಭಾರತದಲ್ಲಿ ಬೆರಳೆಣಿಕೆಯಷ್ಟೇ. ಅದರಲ್ಲಿ ಒಂದನ್ನು ಕಾಸರಗೋಡು, ಮಂಗಳೂರಿನವರು ತಟ್ಟೆಯಲ್ಲೇ ನೋಡಿರುತ್ತಾರೆ, ಕೇರಳ 2010ರಲ್ಲಿ ರಾಜ್ಯ ಮೀನು ಎಂದು ಘೋಷಿಸಿದ ಕರಿಮೀನ್. ಅದರ ಪುಟ್ಟ ತಂಗಿಯಂತಿರುವುದು ಆರೆಂಜ್ ಕ್ರೊಮೈಡ್. ಮಲಯಾಳದಲ್ಲಿ ಪಳ್ಳತ್ತಿ ಎನ್ನುತ್ತಾರೆ. 1795ರಲ್ಲೇ ವಿಜ್ಞಾನದ ದಾಖಲೆ ಸೇರಿದ, ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಮೀನು.

ಎಂಟು ಸೆಂಟಿಮೀಟರ್ ಆಸುಪಾಸಿನ, ದುಂಡಗಿನ, ಅರಿಶಿನ-ಕಿತ್ತಳೆ ಬಣ್ಣದ ಈ ಮೀನು ಹಿನ್ನೀರಿನ ಉಪ್ಪು ನೀರಿಗೂ ಒಗ್ಗಿದ್ದು. ಚೆನ್ನೈನ ಗಡಸು ಬೋರ್‌ವೆಲ್ ನೀರು ಅದಕ್ಕೆ ಶಿಕ್ಷೆಯಲ್ಲ, ಮನೆಯ ನೀರು. ಇನ್ನೂ ಸ್ವಾರಸ್ಯವೆಂದರೆ ಇದರ ಮರಿಗಳೂ ಅಪ್ಪ-ಅಮ್ಮನ ಮೈಯನ್ನು ಮುಟ್ಟಿ ಮುಟ್ಟಿ ಲೋಳೆ ತಿನ್ನುತ್ತವೆ. ಡಿಸ್ಕಸ್‌ನ ಹಾಲೂಡಿಕೆ ನೋಡಬೇಕೆಂಬ ಆಸೆಗೆ ಮೂರು ಅಡಿ ಟ್ಯಾಂಕ್‌ನಲ್ಲಿ, ವಾರಕ್ಕೆ ಎರಡು-ಮೂರು ಬಕೆಟ್ ನೀರಿನಲ್ಲಿ ಸಿಗುವ ಉತ್ತರ ಇದು. ಅಂಗಡಿಯವರು ಇದನ್ನು ಮುಂದೆ ಇಟ್ಟಿರುವುದಿಲ್ಲ, ಕೇಳಿ ತರಿಸಬೇಕು. 1909ರಲ್ಲೇ ಮರೀನಾದಲ್ಲಿ ಸಾರ್ವಜನಿಕ ಅಕ್ವೇರಿಯಂ ಕಂಡ ನಗರದಲ್ಲಿ ನಮ್ಮ ನೀರಿನ ಮೀನಿಗೆ ಇಷ್ಟು ಕಡಿಮೆ ಗಿರಾಕಿಗಳಿರುವುದು ಬೇಸರದ ಸಂಗತಿ.

ಆದರೂ ಡಿಸ್ಕಸೇ ಬೇಕು ಎಂದಾದರೆ

ಹಾಗಾದರೆ ಮೀನು ಕೊಳ್ಳುವ ಮೊದಲು ಒಂದು ತಿಂಗಳು ನೀರನ್ನೇ ಸಾಕಿ. ಇದು ತಮಾಷೆಯಲ್ಲ. ಹೊಸ ಟ್ಯಾಂಕ್‌ನಲ್ಲಿ ಅಮೋನಿಯಾವನ್ನು ತಿಂದು ಕಡಿಮೆ ಅಪಾಯದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಯೂರಲು ಹೇಗೂ ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಅಗ್ಗದ ಟಿಡಿಎಸ್ ಮೀಟರ್ ಒಂದನ್ನು ಕೊಂಡು, ನಲ್ಲಿ ನೀರನ್ನು ಎರಡು ದಿನಕ್ಕೊಮ್ಮೆ ಅಳೆದು ಕ್ಯಾಲೆಂಡರ್ ಮೇಲೆ ಬರೆಯಿರಿ. ತಿಂಗಳಿಡೀ 400 ಹತ್ತಿರವೇ ಇದ್ದರೆ ನೀರು ಗಡಸಾದರೂ ನಂಬಬಹುದು. ಇಂದು 250, ನಾಳಿದ್ದು 900, ಆಮೇಲೆ 500 ಎಂದು ಕುಣಿಯುತ್ತಿದ್ದರೆ ನಿಮ್ಮ ಮನೆ ಡಿಸ್ಕಸ್‌ಗೆ ಅಲ್ಲ. ನಡುವಿನ ಸ್ಥಿತಿ ಇದ್ದರೆ ಬಾಲ್ಕನಿಯಲ್ಲಿ 200 ಲೀಟರ್‌ನ ನೀಲಿ ಡ್ರಮ್ ಒಂದಿಟ್ಟು, ನೀರು ಚೆನ್ನಾಗಿರುವ ದಿನ ತುಂಬಿಸಿಕೊಳ್ಳುವ ದಾರಿ ಇದೆ. ಡ್ರಮ್‌ಗೆ ಸೊಳ್ಳೆ ಹೋಗದಂತೆ ಬಲೆ ಕಟ್ಟುವುದು ಮರೆಯಬೇಡಿ, ಡೆಂಗ್ಯೂ ಊರಿದು.

ಅಂಗಡಿಗೆ ಅದೇ ಮೀಟರ್ ಒಯ್ದು ಅಲ್ಲಿನ ತೊಟ್ಟಿಯ ನೀರನ್ನೂ ಅಳೆಯಿರಿ, ನಿಮ್ಮ ಮನೆಯ ಸಂಖ್ಯೆಗೆ ಹತ್ತಿರವಿರಬೇಕು. ಮೊದಲ ಬಾರಿಗೆ ಎರಡು ಇಂಚಿನ ಅಗ್ಗದ ಮರಿ ಬೇಡ, ಮೂರೂವರೆ-ನಾಲ್ಕು ಇಂಚಿನದ್ದು ತೆಗೆದುಕೊಳ್ಳಿ. ದೇಹಕ್ಕೆ ಹೋಲಿಸಿದರೆ ಕಣ್ಣು ದೊಡ್ಡದಾಗಿ ಕಂಡರೆ ಆ ಮೀನು ಬೆಳವಣಿಗೆ ಕುಂಠಿತವಾದದ್ದು, ಮನೆಗೆ ತಂದು ಎಷ್ಟು ತಿನ್ನಿಸಿದರೂ ದುಂಡಗಾಗುವುದಿಲ್ಲ. ಮೈ ಕಪ್ಪಿಟ್ಟಿದ್ದರೆ, ಒಂದೇ ಕಿವಿರಿನಿಂದ ಉಸಿರಾಡುತ್ತಿದ್ದರೆ, ಬಿಳಿ ದಾರದಂಥ ಮಲ ನೇತಾಡುತ್ತಿದ್ದರೆ ಎಷ್ಟು ಕಡಿಮೆ ಬೆಲೆಗೆ ಕೊಟ್ಟರೂ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ ನಿಮ್ಮ ಎದುರೇ ಆಹಾರ ಹಾಕಿಸಿ. ತಿನ್ನಲು ಮುಂದೆ ಬರುವ ಮೀನನ್ನೇ ಆರಿಸಿ, ಆರನ್ನೂ ಒಂದೇ ದಿನ, ಒಂದೇ ತೊಟ್ಟಿಯಿಂದ ತನ್ನಿ.

ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುತ್ತದೆ ಎಂದು ಜೊತೆಗೆ ಸಕ್ಕರ್ ಮೀನನ್ನು ಕಟ್ಟಿಕೊಡುತ್ತಾರೆ, ಬೇಡವೆನ್ನಿ. ಅದು ರಾತ್ರಿ ಡಿಸ್ಕಸ್‌ನ ಮೈಗೆ ಅಂಟಿ ಲೋಳೆ ಕೆರೆಯುತ್ತದೆ. ದೊಡ್ಡದಾದ ಮೇಲೆ ಜನ ಕೆರೆಗೆ ಬಿಟ್ಟು ಬಿಟ್ಟು ದಕ್ಷಿಣ ಭಾರತದ ಎಷ್ಟೋ ಕೆರೆಗಳಲ್ಲಿ ಈಗ ಅದರದ್ದೇ ಕಾಟ. ಏಂಜಲ್ ಮೀನೂ ಜೊತೆಗೆ ಬೇಡ, ಅದು ತಾನು ಆರೋಗ್ಯವಾಗಿದ್ದುಕೊಂಡೇ ಡಿಸ್ಕಸ್‌ಗೆ ಪರಾವಲಂಬಿ ಹುಳು ದಾಟಿಸಬಲ್ಲದು. ಮುಂದೆ ಏಳನೇ ಡಿಸ್ಕಸ್ ತರುವ ಮನಸ್ಸಾದರೆ ಅದನ್ನು ಬೇರೆ ತೊಟ್ಟಿಯಲ್ಲಿ ನಾಲ್ಕು ವಾರ ಇಟ್ಟು ನೋಡಿ, ಎರಡಕ್ಕೂ ಬೇರೆ ಬೇರೆ ಬಲೆ, ಬೇರೆ ಬೇರೆ ಬಕೆಟ್ ಇರಲಿ.